ಯೂನಿಟ್ ಸೆಲ್‌ನಲ್ಲಿ ಸರಿ ಬಂದದ್ದು ಇಡೀ ರೇಡೋಮ್‌ನಲ್ಲಿ ಯಾಕೆ ಕೈಕೊಡುತ್ತದೆ?

ಪ್ರಶ್ನೆ: ಮೇಡಂ, ನಮಸ್ತೆ. ನಾನು ಕೊಡಗಿನ ನಾಪೋಕ್ಲು ಕಡೆಯವಳು, ಎಂ.ಟೆಕ್ ಕೊನೆಯ ವರ್ಷದಲ್ಲಿದ್ದೇನೆ. ಪ್ರಾಜೆಕ್ಟ್‌ಗೆ 10 ಗಿಗಾಹರ್ಟ್ಸ್‌ನ ಫ್ರೀಕ್ವೆನ್ಸಿ ಸೆಲೆಕ್ಟಿವ್ ರೇಡೋಮ್, ಅಂದರೆ ಆ ಫ್ರೀಕ್ವೆನ್ಸಿಯನ್ನು ಮಾತ್ರ ಬಿಡುವ ಆಂಟೆನಾ ಹೊದಿಕೆ, ಆರಿಸಿಕೊಂಡಿದ್ದೇನೆ. ತೆಳುವಾದ ಎಫ್‌ಆರ್-4 (ಗಾಜಿನ ನಾರಿನ ಸರ್ಕಿಟ್ ಬೋರ್ಡ್) ಹಾಳೆಯ ತಾಮ್ರದಲ್ಲಿ ಪ್ಲಸ್ ಆಕಾರದ ಸೀಳುಗಳು, ಒಂದರ ನಡುವಿನಿಂದ ಇನ್ನೊಂದರ ನಡುವಿಗೆ 16 ಮಿ.ಮೀ. ಒಂದು ಸೀಳು ಮತ್ತು ಅದರ ಸುತ್ತಲಿನ ಜಾಗವನ್ನು ಮಾತ್ರ ಬಿಡಿಸುವ ಯೂನಿಟ್ ಸೆಲ್ ಸಿಮ್ಯುಲೇಶನ್‌ನಲ್ಲಿ, ಅಲೆ 0ಯಿಂದ 45 ಡಿಗ್ರಿವರೆಗೆ ಓರೆಯಾಗಿ ಬಂದರೂ, ನಷ್ಟ 1 ಡಿಬಿಯೊಳಗೇ (ಡೆಸಿಬೆಲ್) ಇದೆ. ಈಗ ಗೈಡ್ ಸರ್ ಇಡೀ ರೇಡೋಮ್ ತೋರಿಸು ಅಂದಿದ್ದಾರೆ. ಬುಡ 30 ಸೆಂ.ಮೀ. ಅಗಲ, 60 ಸೆಂ.ಮೀ. ಉದ್ದದ ಕೋನ್. 16 ಜಿಬಿ ರ‍್ಯಾಮ್‌ನ ಲ್ಯಾಪ್‌ಟಾಪ್ ಮೆಶ್ ಹಾಕುವಾಗಲೇ, ಅಂದರೆ ಆಕಾರವನ್ನು ಲೆಕ್ಕಕ್ಕಾಗಿ ಸಣ್ಣ ತುಂಡುಗಳಾಗಿ ಒಡೆಯುವಾಗಲೇ, ನಿಂತುಹೋಗುತ್ತದೆ. ಒಬ್ಬ ಸೀನಿಯರ್ ಯೂನಿಟ್ ಸೆಲ್ ಸಾಕು ಅನ್ನುತ್ತಾರೆ, ಇನ್ನೊಬ್ಬರು ಫುಲ್-ವೇವ್ (ಇಡೀ ರಚನೆಗೆ ಅಲೆಯ ಸಮೀಕರಣಗಳನ್ನೇ ಬಿಡಿಸುವ ಲೆಕ್ಕ) ಇಲ್ಲದಿದ್ದರೆ ಯಾರೂ ಒಪ್ಪುವುದಿಲ್ಲ ಅನ್ನುತ್ತಾರೆ. ಇದರ ಜೊತೆಗೆ, 20 ಸೆಂ.ಮೀ. ಚೌಕದ ಹಾಳೆ ಮಾಡಿಸಿ ಎರಡು ಹಾರ್ನ್ ಆಂಟೆನಾಗಳ ನಡುವೆ, ಒಂದೊಂದು ಮೀಟರ್ ದೂರದಲ್ಲಿಟ್ಟು ಅಳೆದರೆ ಪಾಸ್‌ಬ್ಯಾಂಡ್ (ಅಲೆ ದಾಟುವ ಫ್ರೀಕ್ವೆನ್ಸಿ ಪಟ್ಟಿ) 9.6 ಗಿಗಾಹರ್ಟ್ಸ್‌ಗೆ ಬಂದು ಕೂತಿದೆ. ಯಾವುದನ್ನು ನಂಬಲಿ? ದೊಡ್ಡ ಕಂಪ್ಯೂಟರ್ ಇಲ್ಲದೆ ಈ ಕೆಲಸ ಆಗುವುದಿಲ್ಲವೇ? ಮನೆಯಲ್ಲಿ ಚಿಕ್ಕಪ್ಪನದೂ ಒಂದು ಪ್ರಶ್ನೆ: ಮಳೆಗಾಲದಲ್ಲಿ ಟಿವಿ ಡಿಶ್‌ಗೆ ಇಂಥ ಕವರ್ ಹಾಕಿದರೆ ಸಿಗ್ನಲ್ ಉಳಿಯುತ್ತದೆಯೇ?

ಉತ್ತರ: ನಿಮ್ಮ ಆತಂಕ ಕಂಪ್ಯೂಟರಿನ ಬಗ್ಗೆ. ಪತ್ರ ಓದಿದಾಗ ನನ್ನ ಕಣ್ಣು ನಿಂತದ್ದು 16 ಮಿ.ಮೀ. ಮತ್ತು 45 ಡಿಗ್ರಿ ಎಂಬ ಎರಡು ಅಂಕಿಗಳ ಮೇಲೆ. ಸೂಪರ್ ಕಂಪ್ಯೂಟರ್ ಕೊಟ್ಟರೂ ಈ ವಿನ್ಯಾಸ ಆ ಕೋನ್ ಮೇಲೆ ಕೆಲಸ ಮಾಡುವುದಿಲ್ಲ. ಅದನ್ನು ತಿಳಿಯಲು ದೊಡ್ಡ ಸಿಮ್ಯುಲೇಶನ್ ಬೇಡ, ಕ್ಯಾಲ್ಕುಲೇಟರ್ ಸಾಕು. ಯಾಕೆ ಎಂದು ಮೊದಲು ಹೇಳುತ್ತೇನೆ, ವಿಧಾನಗಳ ಮಾತು ಆಮೇಲೆ.

ಈ ವಿಷಯ ಹೊಸದಾದ ಓದುಗರಿಗೆ ಎರಡು ಮಾತು. ಆಂಟೆನಾವನ್ನು ಗಾಳಿ ಮಳೆಯಿಂದ ಕಾಪಾಡುವ ಹೊದಿಕೆಯೇ ರೇಡೋಮ್. ಅದರ ಗೋಡೆಯೊಳಗೆ ಸೀಳುಗಳಿರುವ ತಾಮ್ರದ ತೆಳು ಪದರ ಸೇರಿಸಿದರೆ ತನ್ನ ಆಂಟೆನಾದ ಫ್ರೀಕ್ವೆನ್ಸಿಯನ್ನು ಮಾತ್ರ ಒಳಬಿಟ್ಟು ಉಳಿದದ್ದನ್ನು ಲೋಹದ ಹಾಗೆ ಹಿಂದಕ್ಕೆ ಎಸೆಯುತ್ತದೆ. ವಿಮಾನದ ಮೂತಿಯಲ್ಲಿ ಇದರ ಉಪಯೋಗ ದೊಡ್ಡದು. ಒಳಗಿನ ಚಪ್ಪಟೆ ಆಂಟೆನಾ ಬೇರೆಯವರ ರೇಡಾರ್‌ಗೆ ಕನ್ನಡಿ ಹಿಡಿದಂತೆ ಕಾಣುತ್ತದೆ. ಹೊದಿಕೆ ಲೋಹದಂತೆ ವರ್ತಿಸಿದರೆ ಆ ಅಲೆ ಚೂಪು ಮೂತಿಯ ಮೇಲೆ ಜಾರಿ ಬೇರೆ ದಿಕ್ಕಿಗೆ ಹೋಗುತ್ತದೆ. ಇದರಿಂದ ವಿಮಾನ ಯಾರಿಗೂ ಕಾಣದಂತಾಗುತ್ತದೆ ಎಂಬ ಮಾತು ಮಾತ್ರ ತಪ್ಪು. ತನ್ನದೇ ಬ್ಯಾಂಡ್‌ನಲ್ಲಿ ಹೊದಿಕೆ ಎರಡೂ ಕಡೆಗೆ ತೆರೆದೇ ಇರುತ್ತದೆ.

ಇನ್ನೊಂದು ತಪ್ಪು ಕಲ್ಪನೆ ವಿದ್ಯಾರ್ಥಿಗಳಲ್ಲೂ ಇದೆ. ಕಾಫಿ ಬೀಜವನ್ನು ಗಾತ್ರಕ್ಕೆ ತಕ್ಕಂತೆ ಬೇರೆ ಮಾಡುವ ಜರಡಿಯ ಹಾಗೆ ಇದೂ ಸಣ್ಣ ಅಲೆಯನ್ನು ಬಿಟ್ಟು ದೊಡ್ಡದನ್ನು ತಡೆಯುತ್ತದೆ ಎಂದು. ಬರೀ ಜಾಲರಿಗೆ ಆ ಮಾತು ಒಪ್ಪುತ್ತದೆ. ಮೈಕ್ರೋವೇವ್ ಒಲೆಯ ಬಾಗಿಲಿನ ಜಾಲರಿ 12 ಸೆಂ.ಮೀ. ಅಲೆಯನ್ನು ಒಳಗೇ ಇಟ್ಟು ಬೆಳಕನ್ನು ಹೊರಬಿಡುವುದು ಹಾಗೆಯೇ. ನಿಮ್ಮ ಸೀಳು ಅನುರಣನದಿಂದ ಕೆಲಸ ಮಾಡುತ್ತದೆ: ಅದರ ಉದ್ದ ಅರ್ಧ ತರಂಗಾಂತರಕ್ಕೆ ಹತ್ತಿರ ಬಂದಾಗ ಅಲೆ ದಾಟುತ್ತದೆ, ಅದಕ್ಕಿಂತ ಕೆಳಗೂ ಮೇಲೂ ತಡೆಯಾಗುತ್ತದೆ. ಅನುರಣನ ಅಂದಮೇಲೆ ಅದು ಸುತ್ತಲಿನ ಎಲ್ಲಕ್ಕೂ ಸ್ಪಂದಿಸುತ್ತದೆ. ಪಕ್ಕದ ಸೀಳು, ಅಂಟಿನ ಪದರ, ಮೇಲೆ ಕೂತ ನೀರು, ಅಲೆ ಬರುವ ಕೋನ, ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ನಿಮ್ಮ ತೊಂದರೆಗಳ ಬೇರು ಇಲ್ಲಿದೆ.

ಈಗ ಆ 16 ಮಿ.ಮೀ. ನಿಮ್ಮ ಕೋನ್‌ನ ಬುಡದ ಅರ್ಧ ಅಗಲ 15 ಸೆಂ.ಮೀ., ಉದ್ದ 60. ಹಾಗಾದರೆ ಅದರ ಗೋಡೆ ಅಕ್ಷಕ್ಕೆ ಸುಮಾರು 14 ಡಿಗ್ರಿ ವಾಲಿದೆ. ಆಂಟೆನಾದಿಂದ ನೇರ ಮುಂದಕ್ಕೆ ಹೊರಟ ಅಲೆ ಗೋಡೆಯನ್ನು ಮುಟ್ಟುವುದು, ಲಂಬದಿಂದ ಅಳೆದರೆ, 76 ಡಿಗ್ರಿ ಓರೆಯಲ್ಲಿ. ನೀವು ಸಿಮ್ಯುಲೇಶನ್ ನಿಲ್ಲಿಸಿದ್ದು 45ರಲ್ಲಿ. ಅಂದರೆ ಮುಖ್ಯ ಕಿರಣ ನಿಜವಾಗಿ ದಾಟುವ ಕೋನವನ್ನು ನೀವಿನ್ನೂ ನೋಡಿಯೇ ಇಲ್ಲ.

ಸಮದೂರದಲ್ಲಿ ಸಾಲಾಗಿಟ್ಟ ಸೀಳುಗಳು ಒಂದು ಗ್ರೇಟಿಂಗ್. ಸೆಲ್‌ನ ಅಳತೆ ಒಂದು ಮಿತಿ ದಾಟಿದರೆ ಅಲೆಯ ಒಂದಿಷ್ಟು ಶಕ್ತಿ ಬೇರೆಯೇ ದಿಕ್ಕಿಗೆ ಒಡೆದು ಹೋಗುತ್ತದೆ. ಅದನ್ನೇ ಗ್ರೇಟಿಂಗ್ ಲೋಬ್ ಅನ್ನುವುದು. ಸಾಲಿನ ದಿಕ್ಕಿನಲ್ಲೇ ಅಲೆ ಓರೆಯಾದಾಗ ಮಿತಿ ಹೀಗಿದೆ: ಕೋನದ ಸೈನ್‌ಗೆ 1 ಕೂಡಿಸಿ, ಅದರಿಂದ ತರಂಗಾಂತರವನ್ನು ಭಾಗಿಸಿ. 10 ಗಿಗಾಹರ್ಟ್ಸ್‌ನಲ್ಲಿ ತರಂಗಾಂತರ 30 ಮಿ.ಮೀ. ನೇರ ಬಂದ ಅಲೆಗೆ ಮಿತಿ 30, ನಿಮ್ಮ 16 ಆರಾಮಾಗಿ ಒಳಗಿದೆ. 45 ಡಿಗ್ರಿಗೆ ಮಿತಿ 17.6, ಇನ್ನೂ ಒಳಗೇ ಇದ್ದೀರಿ. 61 ಡಿಗ್ರಿಗೆ ಬರುವಾಗ ಮಿತಿ ಸರಿಯಾಗಿ 16ಕ್ಕೆ ಇಳಿಯುತ್ತದೆ. 76 ಡಿಗ್ರಿಗೆ 15.2. ಇದನ್ನೇ ಫ್ರೀಕ್ವೆನ್ಸಿ ಕಡೆಯಿಂದ ನೋಡಿದರೆ, 76 ಡಿಗ್ರಿಯಲ್ಲಿ ನಿಮ್ಮ ಸೆಲ್ 9.5 ಗಿಗಾಹರ್ಟ್ಸ್‌ನಿಂದಲೇ ಗ್ರೇಟಿಂಗ್ ಲೋಬ್ ಹೊರಡಿಸುತ್ತದೆ. ನಿಮ್ಮ ಪಾಸ್‌ಬ್ಯಾಂಡ್ ಅದರ ನಡುವಿಗೇ ಬಿತ್ತು.

ಸೆಲ್ ಚಿಕ್ಕದು ಮಾಡಬೇಕು, ಆದರೆ ಪ್ಲಸ್ ಆಕಾರ ಬಿಡುವುದಿಲ್ಲ. ಅದರ ನೆಟ್ಟನೆಯ ತೋಳು ಗಾಳಿಯಲ್ಲಾದರೆ 15 ಮಿ.ಮೀ. ಹತ್ತಿರ ಬೇಕು, ತೆಳು ಎಫ್‌ಆರ್-4 ಇದ್ದರೆ ಕೊಂಚ ಕಡಿಮೆ. ಅದೇ ಸೀಳನ್ನು ಚೌಕದ ಅಥವಾ ಉಂಗುರದ ಆಕಾರಕ್ಕೆ ಮಡಿಸಿದರೆ ಸುತ್ತಳತೆ ಒಂದು ತರಂಗಾಂತರ ಆದಾಗ ಅನುರಣನ. ಚೌಕವಾದರೆ ಬದಿ 7.5 ಮಿ.ಮೀ. ಮಾತ್ರ, 10 ಮಿ.ಮೀ. ಸೆಲ್‌ನಲ್ಲಿ ಕೂರುತ್ತದೆ. 12 ಮಿ.ಮೀ. ಸೆಲ್‌ಗೂ 76 ಡಿಗ್ರಿಯಲ್ಲಿ ಗ್ರೇಟಿಂಗ್ ಲೋಬ್ ಶುರುವಾಗುವುದು 12.7 ಗಿಗಾಹರ್ಟ್ಸ್‌ಗೆ. ಅಷ್ಟು ಅಂತರ ಇರಲೇಬೇಕು. ಲೋಬ್ ಹೊರಡುವ ಅಂಚಿಗೆ ಬಂದರೂ ಪಾಸ್‌ಬ್ಯಾಂಡ್ ಕೆಡಲು ಶುರುವಾಗುತ್ತದೆ.

ಇಲ್ಲೇ ಒಂದು ಎಚ್ಚರಿಕೆ. ಸಿಮ್ಯುಲೇಶನ್‌ನಲ್ಲಿ ಫ್ಲೋಕೆ ಪೋರ್ಟ್ (ಸೆಲ್‌ಗೆ ಅಲೆ ಒಳಬಂದು ಹೊರಹೋಗುವ ಬಾಗಿಲು) ಇಡುವಾಗ ಸಾಮಾನ್ಯವಾಗಿ ಎರಡೇ ಮೋಡ್, ಅಂದರೆ ಅಲೆಯ ಎರಡೇ ಬಗೆ, ಇಟ್ಟಿರುತ್ತಾರೆ: ಮುಖ್ಯ ಟಿಇ (ವಿದ್ಯುತ್ ಕ್ಷೇತ್ರ ಗೋಡೆಗೆ ಸಮಾನಾಂತರ) ಮತ್ತು ಮುಖ್ಯ ಟಿಎಂ (ಕಾಂತ ಕ್ಷೇತ್ರ ಗೋಡೆಗೆ ಸಮಾನಾಂತರ). ಗ್ರೇಟಿಂಗ್ ಲೋಬ್‌ನ ಮೋಡ್ ಲೆಕ್ಕದಲ್ಲೇ ಇಲ್ಲದಿದ್ದರೆ ಆ ಶಕ್ತಿಗೆ ಹೊರಹೋಗುವ ದಾರಿ ಇರುವುದಿಲ್ಲ, ಬರುವ ಗ್ರಾಫ್‌ಗೆ ಅರ್ಥವೂ ಇರುವುದಿಲ್ಲ. ಆಚೀಚಿನ ಮೋಡ್‌ಗಳನ್ನೂ ಸೇರಿಸಿ. ಆಮೇಲೆ ದಾಟಿದ, ಹಿಂದಿರುಗಿದ, ಒಳಗೇ ಕರಗಿದ ಶಕ್ತಿಯನ್ನೆಲ್ಲ ಕೂಡಿ ನೋಡಿ, ಒಂದಕ್ಕೆ ಬರಬೇಕು. ಬರದಿದ್ದರೆ ಮುಂದೆ ಹೋಗಬೇಡಿ.

ಯಾವ ವಿಧಾನ ಏನನ್ನು ಬಿಟ್ಟುಬಿಡುತ್ತದೆ

ನಿಮ್ಮ ಇಬ್ಬರು ಸೀನಿಯರ್‌ಗಳೂ ಅರ್ಧರ್ಧ ಸರಿ. ನನ್ನ ವೃತ್ತಿಯಲ್ಲಿ ನಾನು ಹೊಸಬರಿಗೆ ಕೇಳುತ್ತಿದ್ದ ಪ್ರಶ್ನೆ ಒಂದೇ: ಈ ವಿಧಾನ ಏನನ್ನು ಬಿಟ್ಟಿದೆ, ಬಿಟ್ಟದ್ದು ನಿನ್ನ ರೇಡೋಮ್‌ಗೆ ಮುಖ್ಯವೋ ಅಲ್ಲವೋ? ಇದಕ್ಕೆ ಉತ್ತರ ಕೊಡಬಲ್ಲವರು ಸಣ್ಣ ಲ್ಯಾಪ್‌ಟಾಪ್‌ನಲ್ಲೂ ಒಳ್ಳೆಯ ಕೆಲಸ ಮಾಡಿದ್ದನ್ನು ನೋಡಿದ್ದೇನೆ.

ಯೂನಿಟ್ ಸೆಲ್ ವಿಶ್ಲೇಷಣೆ ನಿಂತಿರುವುದು ಫ್ಲೋಕೆ ಪ್ರಮೇಯದ ಮೇಲೆ. ಹಾಳೆ ಚಪ್ಪಟೆ, ಅದಕ್ಕೆ ಕೊನೆಯೇ ಇಲ್ಲ, ಬರುವುದು ಒಂದೇ ದಿಕ್ಕಿನ ಸಮತಲ ಅಲೆ ಎಂದಿಟ್ಟುಕೊಂಡರೆ ಒಂದು ಸೆಲ್ ಬಿಡಿಸಿದರೆ ಎಲ್ಲವನ್ನೂ ಬಿಡಿಸಿದಂತೆ. ಮೊಮೆಂಟ್ ವಿಧಾನ, ಫೈನೈಟ್ ಎಲಿಮೆಂಟ್, ಎಫ್‌ಡಿಟಿಡಿ ಎಂಬ ಲೆಕ್ಕದ ವಿಧಾನಗಳಲ್ಲಿ ಯಾವುದರಲ್ಲಿ ಮಾಡಿದರೂ ಈ ಒಡಂಬಡಿಕೆ ಬದಲಾಗುವುದಿಲ್ಲ. 1966ರಲ್ಲಿ ಯೀ ಕೊಟ್ಟ ಎಫ್‌ಡಿಟಿಡಿ ಕಾಲದಲ್ಲಿ ಹೆಜ್ಜೆ ಹಾಕುತ್ತಾ ಹೋಗುವ ವಿಧಾನ. ನೇರ ಬರುವ ಅಲೆಗೆ ಒಂದೇ ಓಟದಲ್ಲಿ ಇಡೀ ಬ್ಯಾಂಡ್ ಸಿಗುತ್ತದೆ, ಆದರೆ ತೀರ ಓರೆ ಕೋನಕ್ಕೆ ಅದರ ಪೀರಿಯಾಡಿಕ್ ಬೌಂಡರಿ (ಪಕ್ಕದ ಸೆಲ್ಲೂ ಇದರಂತೆಯೇ ಎನ್ನುವ ಅಂಚಿನ ಷರತ್ತು) ತೊಡಕಿನದು. ನಿಮ್ಮ ಸಮಸ್ಯೆಯೇ ಓರೆ ಕೋನ ಆದ್ದರಿಂದ ಫ್ರೀಕ್ವೆನ್ಸಿ ಡೊಮೇನ್‌ನ ಫೈನೈಟ್ ಎಲಿಮೆಂಟ್ ಅಥವಾ ಮೊಮೆಂಟ್ ವಿಧಾನವೇ ಅನುಕೂಲ.

ಸೀಳನ್ನು ಇಂಡಕ್ಟರ್, ಕೆಪ್ಯಾಸಿಟರ್ ಸರ್ಕಿಟ್ ಆಗಿ ಕಾಣುವ ಈಕ್ವಿವಲೆಂಟ್ ಸರ್ಕಿಟ್ ವಿಧಾನವನ್ನು ಹಳೆಯದೆಂದು ಇವತ್ತಿನವರು ಬದಿಗಿಡುತ್ತಾರೆ. ಗ್ರೇಟಿಂಗ್ ಲೋಬ್ ಅದಕ್ಕೆ ಕಾಣುವುದಿಲ್ಲ, ನಿಜ. ಆದರೆ ಓರೆ ಕೋನದಲ್ಲಿ ಏನು ಬದಲಾಗುತ್ತದೆ ಎಂದು ಅದರಷ್ಟು ಸಲೀಸಾಗಿ ಬೇರೆ ಯಾವುದೂ ಹೇಳುವುದಿಲ್ಲ. ಗಾಳಿಯ ಇಂಪೀಡೆನ್ಸ್, ಅಂದರೆ ಅಲೆಗೆ ಸಿಗುವ ತಡೆ, 377 ಓಮ್. 76 ಡಿಗ್ರಿಯಲ್ಲಿ ಟಿಇ ಅಲೆಗೆ ಅದು ಸುಮಾರು 1,560 ಓಮ್‌ಗೆ ಏರುತ್ತದೆ, ಟಿಎಂ ಅಲೆಗೆ ಸುಮಾರು 90ಕ್ಕೆ ಇಳಿಯುತ್ತದೆ. ಸೀಳಿನ ಅನುರಣನ ಸರ್ಕಿಟ್ ಈ ಎರಡಕ್ಕೂ ಒಂದೇ ರೀತಿ ಒಪ್ಪಲು ಸಾಧ್ಯವಿಲ್ಲ. ಟಿಇಗೆ ಪಾಸ್‌ಬ್ಯಾಂಡ್ ಸುಮಾರು ಕಾಲು ಭಾಗಕ್ಕೆ ಕಿರಿದಾಗುತ್ತದೆ, ಟಿಎಂಗೆ ನಾಲ್ಕು ಪಟ್ಟು ಅಗಲವಾಗುತ್ತದೆ. ಎರಡೂ ಬದಿಗೆ ಸರಿಯಾಗಿ ಆರಿಸಿದ ಡೈಎಲೆಕ್ಟ್ರಿಕ್ (ವಿದ್ಯುತ್ ಹರಿಯದ ವಸ್ತುವಿನ) ಪದರ ಹಾಕುವುದು ಇದನ್ನು ಹತೋಟಿಗೆ ತರಲು. ಪದರದೊಳಗೆ ಅಲೆ ಲಂಬದ ಕಡೆಗೆ ಬಾಗುತ್ತದೆ, ಸೀಳಿಗೆ ಅಷ್ಟು ಓರೆ ತಟ್ಟುವುದಿಲ್ಲ.

ನಿಮ್ಮ ಆಂಟೆನಾ ಲಂಬ ಪೋಲರೈಸೇಶನ್‌ನದು, ಅಂದರೆ ಅದರ ವಿದ್ಯುತ್ ಕ್ಷೇತ್ರ ಮೇಲೆ ಕೆಳಗೆ ಆಡುವಂಥದ್ದು, ಎಂದಿಟ್ಟುಕೊಳ್ಳಿ. ಕೋನ್‌ನ ಮೇಲ್ಭಾಗ ಕೆಳಭಾಗಕ್ಕೆ ಬಡಿಯುವುದು ಟಿಎಂ, ಎಡಬಲ ಬದಿಗೆ ಬಡಿಯುವುದು ಟಿಇ, ಮೂಲೆಗಳಲ್ಲಿ ಎರಡರ ಬೆರಕೆ. ಒಂದೇ ಕಿರಣಪುಂಜದ ನಾಲ್ಕು ಕಡೆಗೆ ನಾಲ್ಕು ಬಗೆಯ ಗೋಡೆ ಸಿಕ್ಕಂತಾಯಿತು. ಮೂಲೆಯಲ್ಲಿ ಎರಡೂ ಅಂಶಗಳು ಬೇರೆ ಬೇರೆ ಫೇಸ್‌ನಲ್ಲಿ, ಅಂದರೆ ಏರಿಳಿತ ಹಿಂದುಮುಂದಾಗಿ, ಹೊರಬಂದಾಗ ಕ್ರಾಸ್ ಪೋಲರೈಸೇಶನ್ (ಬೇಡದ ಅಡ್ಡ ದಿಕ್ಕಿನ ಕ್ಷೇತ್ರ) ಹುಟ್ಟುತ್ತದೆ. ನೀವು ಕಳಿಸಿದ ಗ್ರಾಫ್‌ಗಳಲ್ಲಿ ಡಿಬಿ ಮಾತ್ರ ಇದೆ, ಫೇಸ್ ಒಂದರಲ್ಲೂ ಇಲ್ಲ. ರೇಡೋಮ್‌ನಲ್ಲಿ ನಷ್ಟದಷ್ಟೇ, ಕೆಲವೊಮ್ಮೆ ಅದಕ್ಕಿಂತ ಹೆಚ್ಚು, ಫೇಸ್ ಮುಖ್ಯ. ರೇಡಾರ್ ಗುರಿಯನ್ನು ಇರುವ ಜಾಗ ಬಿಟ್ಟು ಪಕ್ಕದಲ್ಲಿ ತೋರಿಸುವುದಕ್ಕೆ ಈ ಫೇಸ್ ಏರುಪೇರೇ ಕಾರಣ.

ಇನ್ನು ಫುಲ್-ವೇವ್. ಆ ಲ್ಯಾಪ್‌ಟಾಪ್ ಯಾಕೆ ನಿಂತಿತು ಎಂದು ಲೆಕ್ಕ ಹಾಕೋಣ. ಕೋನ್‌ನ ಹೊರಮೈ 0.29 ಚದರ ಮೀಟರ್, ಅಂದರೆ ಸುಮಾರು 320 ಚದರ ತರಂಗಾಂತರ. ಸೀಳೇ ಇಲ್ಲದ ನುಣುಪು ಲೋಹ ಎಂದುಕೊಂಡು ತರಂಗಾಂತರದ ಹತ್ತರಲ್ಲೊಂದು ಅಳತೆಯ ತ್ರಿಕೋನಗಳ ಮೆಶ್ ಹಾಕಿದರೂ ಸುಮಾರು 1 ಲಕ್ಷ ಅಜ್ಞಾತಗಳಾಗುತ್ತವೆ. ಮೊಮೆಂಟ್ ವಿಧಾನದಲ್ಲಿ ಪ್ರತಿಯೊಂದೂ ಉಳಿದೆಲ್ಲದರ ಜೊತೆ ಮಾತಾಡುತ್ತದೆ, ಆದ್ದರಿಂದ ಮ್ಯಾಟ್ರಿಕ್ಸ್‌ನಲ್ಲಿ 1,000 ಕೋಟಿ ಸಂಖ್ಯೆಗಳು. ಒಂದಕ್ಕೆ 16 ಬೈಟ್ ಹಿಡಿದರೆ 160 ಜಿಬಿ. ಇನ್ನು ಇದಕ್ಕೆ 1,100 ಚಿಲ್ಲರೆ ಸೀಳು, ಒಳಗೂ ಹೊರಗೂ ಡೈಎಲೆಕ್ಟ್ರಿಕ್ ಸೇರಿಸಿ. ಅಜ್ಞಾತ ಎರಡು ಪಟ್ಟಾದರೆ ಮೆಮೊರಿ ನಾಲ್ಕು ಪಟ್ಟು, ನೇರವಾಗಿ ಬಿಡಿಸುವ ಸಮಯ ಎಂಟು ಪಟ್ಟು. 16 ಜಿಬಿಯ ಯಂತ್ರ ಮಾಡಿದ್ದು ಸರಿಯೇ. ಫಾಸ್ಟ್ ಮಲ್ಟಿಪೋಲ್ ಎಂಬ ವಿಧಾನ ದೂರದ ಸೀಳುಗಳನ್ನು ಗುಂಪುಗುಂಪಾಗಿ ಲೆಕ್ಕಕ್ಕೆ ತೆಗೆದುಕೊಂಡು ಈ ಹೊರೆಯನ್ನು ಬಹಳ ಇಳಿಸುತ್ತದೆ. ಫೈನೈಟ್ ಎಲಿಮೆಂಟ್ ಜೊತೆ ಬೌಂಡರಿ ಇಂಟಿಗ್ರಲ್ ಜೋಡಿಸುವ ದಾರಿಯೂ ಇದೆ. ಎರಡೂ ಒಳ್ಳೆಯವು, ಎರಡಕ್ಕೂ ವರ್ಕ್‌ಸ್ಟೇಶನ್ ಬೇಕು.

ಫುಲ್-ವೇವ್ ಅಂದರೆ ಪರಮಸತ್ಯ ಎಂಬ ನಂಬಿಕೆ ಇದೆಯಲ್ಲ, ಅದಕ್ಕಾಗಿ ಇನ್ನೊಂದು ಮಾತು. ನೀವು ಕೊಟ್ಟ ಪರ್ಮಿಟಿವಿಟಿ (ವಸ್ತು ವಿದ್ಯುತ್ ಕ್ಷೇತ್ರಕ್ಕೆ ಎಷ್ಟು ಸ್ಪಂದಿಸುತ್ತದೆ ಎಂಬ ಅಂಕಿ) ತಪ್ಪಾಗಿದ್ದರೆ ಅದು ತಪ್ಪನ್ನೇ ಬಹಳ ನಿಖರವಾಗಿ ಲೆಕ್ಕ ಹಾಕಿಕೊಡುತ್ತದೆ. ಸೀಳಿನ ಅಂಚಿನಲ್ಲಿ ಮೆಶ್ ಒರಟಾಗಿದ್ದರೆ ಅನುರಣನ ಸರಿದುಬಿಡುತ್ತದೆ. ಮೆಶ್ ಇಮ್ಮಡಿ ನುಣುಪು ಮಾಡಿದಾಗಲೂ ಉತ್ತರ ನಿಂತಲ್ಲೇ ನಿಂತಿದೆ ಎಂದು ತೋರಿಸದ ಫುಲ್-ವೇವ್ ಫಲಿತಾಂಶವನ್ನು ನಾನು ಯಾವತ್ತೂ ಒಪ್ಪಿಕೊಂಡಿಲ್ಲ.

ನಿಮ್ಮ ಮುಂದಿರುವ ದಾರಿಗಳು

ಸೀಳು ಇರುವ ಸಣ್ಣ ಅಳತೆ, ರೇಡೋಮ್ ಎಂಬ ದೊಡ್ಡ ಅಳತೆ, ಇವೆರಡನ್ನೂ ಬೇರೆಬೇರೆ ಬಿಡಿಸಿ ಜೋಡಿಸುವುದೇ ನಿಮಗೆ ಸರಿಹೊಂದುವ ದಾರಿ. ನಾನು ಇದನ್ನೇ ಮಾಡಿ ಅನ್ನುತ್ತೇನೆ. ಯೂನಿಟ್ ಸೆಲ್‌ನಿಂದ ಒಂದು ಕೋಷ್ಟಕ ತಯಾರಿಸಿ: 0ಯಿಂದ 80 ಡಿಗ್ರಿವರೆಗೆ, ಟಿಇ ಟಿಎಂ ಎರಡಕ್ಕೂ, ಅಲೆ ವಾಲುವ ದಿಕ್ಕನ್ನೂ ಬದಲಿಸಿ, ದಾಟುವ ಪ್ರಮಾಣ ಮತ್ತು ಫೇಸ್ ಎರಡೂ. ಆಮೇಲೆ ಆಂಟೆನಾದ ಬಾಯಿಯಲ್ಲಿರುವ ಕ್ಷೇತ್ರವನ್ನು ತೆಗೆದುಕೊಂಡು ರೇಡೋಮ್‌ನ ಒಳಮೈಯ ಪ್ರತಿ ಬಿಂದುವಿಗೂ ಎಷ್ಟು ಬರುತ್ತದೆ ಎಂದು ಇಂಟಿಗ್ರೇಟ್ ಮಾಡಿ. ಆ ಬಿಂದುವಿನಲ್ಲಿ ಗೋಡೆಯ ಲಂಬ ಯಾವುದು, ಅಲೆ ಎಷ್ಟು ಓರೆ, ಟಿಇ ಎಷ್ಟು ಟಿಎಂ ಎಷ್ಟು ಎಂದು ಬಿಡಿಸಿ ಕೋಷ್ಟಕದ ಅಂಕಿಯಿಂದ ಗುಣಿಸಿ. ಹೊರಮೈಯಲ್ಲಿ ಸಿಕ್ಕ ಕ್ಷೇತ್ರದಿಂದ ಸಮಾನ ಪ್ರವಾಹಗಳನ್ನು ಕಟ್ಟಿ ಮತ್ತೆ ಇಂಟಿಗ್ರೇಟ್ ಮಾಡಿದರೆ ದೂರದ ಪ್ಯಾಟರ್ನ್ ಸಿಗುತ್ತದೆ. ಇದನ್ನು ಅಪರ್ಚರ್ ಇಂಟಿಗ್ರೇಶನ್-ಸರ್ಫೇಸ್ ಇಂಟಿಗ್ರೇಶನ್ ಅನ್ನುತ್ತಾರೆ. ನಿಮ್ಮ ಲ್ಯಾಪ್‌ಟಾಪ್‌ಗೆ ಇದು ಭಾರವಲ್ಲ, ಕೋಡ್ ನೀವೇ ಬರೆಯಬಹುದು. ಬರೀ ಕಿರಣಗಳನ್ನು ಎಳೆಯುವ ರೇ ಟ್ರೇಸಿಂಗ್ ಇನ್ನೂ ಸುಲಭ, ಆದರೆ ಬುಡ 10 ತರಂಗಾಂತರ ಮಾತ್ರ ಇರುವ ರೇಡೋಮ್‌ಗೆ ನಾನು ಅದನ್ನು ನಂಬುವುದಿಲ್ಲ.

ಈ ದಾರಿಯ ಅಪಾಯಗಳು ಗೊತ್ತಿರಲಿ. ಪ್ರತಿ ಬಿಂದುವಿನಲ್ಲೂ ಗೋಡೆ ಚಪ್ಪಟೆ ಎಂದು ಇದು ನಂಬುತ್ತದೆ. ಕೋನ್‌ನ ತುದಿಯಿಂದ ಹಿಂದಕ್ಕೆ 12 ಸೆಂ.ಮೀ.ವರೆಗೆ ಅಡ್ಡಕೊಯ್ತದ ಅರ್ಧವ್ಯಾಸ ಒಂದು ತರಂಗಾಂತರಕ್ಕಿಂತ ಕಡಿಮೆ. ಅಲ್ಲಿ ಆ ನಂಬಿಕೆ ನಿಲ್ಲುವುದಿಲ್ಲ. ಮುಂದಿನಿಂದ ನೋಡಿದರೆ ಆ ಭಾಗ ಒಟ್ಟು ವಿಸ್ತೀರ್ಣದ 4 ಶೇಕಡ ಮಾತ್ರ, ಆದರೆ ಆಂಟೆನಾದ ಹೊಳಪು ಹೆಚ್ಚಿರುವ ನಡುಭಾಗದ ಎದುರಿಗೇ ಇರುವುದರಿಂದ ಶೇಕಡಾವಾರು ಹೇಳುವುದಕ್ಕಿಂತ ಹೆಚ್ಚು ತೊಂದರೆ ಕೊಡುತ್ತದೆ. ಎರಡನೆಯದು, ಒಳಗೋಡೆಯಿಂದ ಚಿಮ್ಮಿ ಎದುರುಗೋಡೆಗೆ ಹೋಗುವ ಅಲೆ. ಪಾಸ್‌ಬ್ಯಾಂಡ್‌ನ ಅಂಚಿನಲ್ಲಿ ಪ್ರತಿಫಲನ ಹೆಚ್ಚಾದಾಗ ಇದು ಪ್ಯಾಟರ್ನ್‌ನಲ್ಲಿ ಇಲ್ಲದ ಕಡೆ ಒಂದು ಲೋಬ್ ಎಬ್ಬಿಸುತ್ತದೆ. ಒಂದು ಸಲ ಚಿಮ್ಮುವುದನ್ನಾದರೂ ಲೆಕ್ಕಕ್ಕೆ ಸೇರಿಸಿ. ಆಂಟೆನಾವನ್ನು ನೇರ ಮಾತ್ರ ಇಟ್ಟು ನಿಲ್ಲಿಸಬೇಡಿ. ನೇರ ಇದ್ದಾಗ ಎಡಬಲ ಸಮವಾಗಿರುವುದರಿಂದ ಗುರಿ ತಪ್ಪುವುದು ಸೊನ್ನೆ ಬರುತ್ತದೆ, ಅದು ನಿಮ್ಮ ವಿನ್ಯಾಸದ ಹೆಚ್ಚುಗಾರಿಕೆಯಲ್ಲ. 10, 20 ಡಿಗ್ರಿ ತಿರುಗಿಸಿ ನೋಡಿ.

ಇನ್ನೊಂದು ದಾರಿ ಸೀಳಿನ ಪದರವನ್ನು ಒಂದು ಇಂಪೀಡೆನ್ಸ್ ಹಾಳೆ ಎಂದು ಬದಲಿಸಿ ಇಡೀ ಕೋನ್ ಅನ್ನು ಫುಲ್-ವೇವ್‌ನಲ್ಲಿ ಓಡಿಸುವುದು. ಸೀಳಿನ ಸಣ್ಣ ಮೆಶ್ ಹೋಗುತ್ತದೆ, ತುದಿ ಮತ್ತು ಚಿಮ್ಮುವ ಅಲೆ ತಾವಾಗಿಯೇ ಸೇರುತ್ತವೆ. ಆದರೆ ಆ ಇಂಪೀಡೆನ್ಸ್ ಕೋನದೊಂದಿಗೆ ಬದಲಾಗುತ್ತದೆ, ಒಂದೇ ಅಂಕಿ ಕೊಟ್ಟರೆ ಮೋಸ ಹೋಗುತ್ತೀರಿ. ತರಂಗಾಂತರಕ್ಕಿಂತ ತೀರ ಸಣ್ಣ ಸೆಲ್‌ಗೆ ಇದು ಚೆನ್ನ, 16 ಮಿ.ಮೀ.ಗಂತೂ ಬೇಡ.

ಗೈಡ್ ಸರ್‌ಗೆ ಫುಲ್-ವೇವ್ ಬೇಕೇ ಬೇಕಾದರೆ ಸಣ್ಣ ರೇಡೋಮ್ ಒಂದನ್ನು ಮಾಡಿ. ಕೋನ್‌ನ ವಾಲು 14 ಡಿಗ್ರಿಯೇ ಇರಲಿ, ಸೆಲ್ ಬದಲಾಗದಿರಲಿ, ಬುಡ ಮೂರು ನಾಲ್ಕು ತರಂಗಾಂತರಕ್ಕೆ ಇಳಿಯಲಿ. ಕಾಲೇಜಿನ ದೊಡ್ಡ ಯಂತ್ರದಲ್ಲಿ ಅದನ್ನು ಓಡಿಸಿ ನಿಮ್ಮ ಕೋಡ್‌ನ ಉತ್ತರದ ಜೊತೆ ಹೋಲಿಸಿ. ಎರಡೂ ಎಲ್ಲಿ ಕೂಡುತ್ತವೆ, ಎಲ್ಲಿ ಬೇರೆಯಾಗುತ್ತವೆ ಎಂಬುದೇ ಪ್ರಬಂಧದ ಒಳ್ಳೆಯ ಅಧ್ಯಾಯ ಆಗುತ್ತದೆ. ಕೋನ್ ದುಂಡಗಿದೆ, ಒಂದು ಹೋಳು ಬಿಡಿಸಿ ಸುತ್ತ ತಿರುಗಿಸಿದರೆ ಸಾಕಲ್ಲವೇ ಎಂದು ನಿಮಗೆ ಅನ್ನಿಸಬಹುದು. ಬರೀ ಡೈಎಲೆಕ್ಟ್ರಿಕ್ ಗೋಡೆಗೆ ಸಾಕು. ಸೀಳಿನ ಪದರಕ್ಕೆ ಆಗದು, ಏಕೆಂದರೆ ಬುಡದ ಸುತ್ತಳತೆಯಲ್ಲಿ 16 ಮಿ.ಮೀ.ಯ 58 ಸೆಲ್ ಕೂರುತ್ತವೆ, ಅರ್ಧ ಎತ್ತರದಲ್ಲಿ 29 ಮಾತ್ರ. ಮೇಲೆ ಹೋದಂತೆ ಒಂದೊಂದೇ ಸೆಲ್ ಕೈಬಿಡಬೇಕು. ಕೋನ್ ಆದ್ದರಿಂದ ಚಪ್ಪಟೆ ಫಿಲ್ಮ್ ಅನ್ನು ಸುಕ್ಕಿಲ್ಲದೆ ಸುತ್ತಬಹುದು, ಆದರೆ ಎರಡು ಅಂಚು ಕೂಡುವ ಗೆರೆಯಲ್ಲಿ ಸಾಲಿಗೆ ಸಾಲು ಹೊಂದುವುದಿಲ್ಲ, ಅರೆಬರೆ ಸೀಳುಗಳು ಉಳಿಯುತ್ತವೆ. ಎರಡೂ ಕಡೆಗೆ ಬಾಗಿದ ಮೂತಿಯಾದರೆ ಫಿಲ್ಮ್ ಅನ್ನು ಎಸಳುಗಳಾಗಿ ಕತ್ತರಿಸಿಯೇ ಕೂರಿಸಬೇಕು, ಅಂಥ ಗೆರೆಗಳು ಇನ್ನೂ ಹೆಚ್ಚು. ಆ ಗೆರೆಯನ್ನು ಆಂಟೆನಾದ ಪೋಲರೈಸೇಶನ್‌ಗೆ ಹೋಲಿಸಿ ಎಲ್ಲಿ ಇಡುವುದು ಎಂದು ಯೋಚಿಸುವುದೂ ವಿನ್ಯಾಸದ ಭಾಗವೇ.

ಅಳತೆ ಯಾಕೆ 9.6 ತೋರಿಸಿತು

ಫ್ರೀಕ್ವೆನ್ಸಿ 4 ಶೇಕಡ ಇಳಿದಿದೆ ಅಂದರೆ ಸೀಳು ಕಂಡ ಪರ್ಮಿಟಿವಿಟಿ ನೀವು ಅಂದುಕೊಂಡದ್ದಕ್ಕಿಂತ ಸುಮಾರು 8 ಶೇಕಡ ಹೆಚ್ಚು. ಎಫ್‌ಆರ್-4 ವಿಷಯದಲ್ಲಿ ಇದು ಅಚ್ಚರಿಯಲ್ಲ; ತಯಾರಿಕೆಯಿಂದ ತಯಾರಿಕೆಗೆ 4.2ರಿಂದ 4.8ರವರೆಗೆ ಹೋಗುತ್ತದೆ, ನಷ್ಟವೂ ಹೆಚ್ಚು. ನೀವು ಫೋಮ್‌ಗೆ ಅಂಟಿಸಿದ್ದರೆ ಅಂಟಿನ ಪದರ ನಿಮ್ಮ ಮಾಡೆಲ್‌ನಲ್ಲಿ ಇದೆಯೇ ನೋಡಿ. ಎಚ್ಚಿಂಗ್‌ನಲ್ಲಿ ಸೀಳು ಕೊಂಚ ಉದ್ದವಾಗಿ ಬಂದಿದೆಯೇ, ಮೈಕ್ರೋಸ್ಕೋಪ್‌ನಡಿ ಒಂದು ಹತ್ತು ಸೀಳು ಅಳೆಯಿರಿ. ಹಾಳೆ ಮನೆಯಲ್ಲಿಟ್ಟಿದ್ದರೆ, ಮಳೆಗಾಲದ ನಾಪೋಕ್ಲು ಹವೆಯಲ್ಲಿ ಎಫ್‌ಆರ್-4 ತೇವ ಹೀರುತ್ತದೆ; ಹದವಾದ ಬಿಸಿಯಲ್ಲಿ ಒಣಗಿಸಿ ಮತ್ತೊಮ್ಮೆ ಅಳೆದು ನೋಡಿ.

ಅಳತೆಯ ವಿಧಾನದಲ್ಲೂ ದೋಷ ಇದೆ. ಒಂದು ಮೀಟರ್ ದೂರದ ಹಾರ್ನ್‌ನಿಂದ ಹಾಳೆಯ ನಡುವಿಗಿಂತ ಅಂಚಿನ ಮಧ್ಯಕ್ಕೆ ಅಲೆ 5 ಮಿ.ಮೀ. ಹೆಚ್ಚು ದೂರ ಕ್ರಮಿಸುತ್ತದೆ, 60 ಡಿಗ್ರಿ ಫೇಸ್ ವ್ಯತ್ಯಾಸ. ಮೂಲೆಗೆ ಇನ್ನೂ ಹೆಚ್ಚು. ಅದು ಸಮತಲ ಅಲೆಯಲ್ಲ. 20 ಸೆಂ.ಮೀ. ಹಾಳೆ ಏಳು ತರಂಗಾಂತರವೂ ಇಲ್ಲ, ಸುತ್ತು ಬಳಸಿ ಬರುವ ಅಲೆ ಗ್ರಾಫ್‌ನಲ್ಲಿ ಏರಿಳಿತ ತರುತ್ತದೆ. ಹಾಳೆಯನ್ನು ಅಬ್ಸಾರ್ಬರ್ (ಅಲೆ ಹೀರುವ ವಸ್ತು) ಹೊದಿಸಿದ ಚೌಕಟ್ಟಿನಲ್ಲಿ ಕೂರಿಸಿ, ಚೌಕಟ್ಟು ಖಾಲಿ ಇದ್ದಾಗಿನ ಅಳತೆಯನ್ನು ಆಧಾರವಾಗಿಟ್ಟುಕೊಳ್ಳಿ, ನೆಟ್‌ವರ್ಕ್ ಅನಲೈಸರ್‌ನಲ್ಲಿ ಟೈಮ್ ಗೇಟಿಂಗ್ (ತಡವಾಗಿ ಬರುವ ಅಲೆಯನ್ನು ಕೈಬಿಡುವ ಸೌಲಭ್ಯ) ಇದ್ದರೆ ಬಳಸಿ. ಎಲ್ಲಕ್ಕೂ ಮೊದಲು ತಾಮ್ರವಿಲ್ಲದ ಗೋಡೆಯೊಂದನ್ನು ಪರೀಕ್ಷಿಸಿ. ಪರ್ಮಿಟಿವಿಟಿ 4 ಇರುವ ವಸ್ತುವಿನ ಅರ್ಧ-ತರಂಗ ಗೋಡೆ 10 ಗಿಗಾಹರ್ಟ್ಸ್‌ಗೆ 7.5 ಮಿ.ಮೀ. ದಪ್ಪ, ಅದೇ ಗೋಡೆ 60 ಡಿಗ್ರಿ ಓರೆಗೆ 8.3 ಮಿ.ಮೀ. ಬೇಕು. ಪೆನ್ಸಿಲ್‌ನಲ್ಲಿ ಬರುವ ಈ ಉತ್ತರವನ್ನು ನಿಮ್ಮ ಸಾಫ್ಟ್‌ವೇರ್ ಮತ್ತು ನಿಮ್ಮ ಅಳತೆ ಎರಡೂ ಕೊಟ್ಟರೆ ಮಾತ್ರ ಸೀಳಿನ ಹಾಳೆಗೆ ಕೈ ಹಾಕಿ.

ಚಿಕ್ಕಪ್ಪನವರ ಡಿಶ್‌ಗೆ ಕವರ್ ಹಾಕಿಸಬೇಡಿ. ಮಳೆಯಲ್ಲಿ ಸಿಗ್ನಲ್ ಹೋಗುವುದು ಬಹುಪಾಲು ಆಕಾಶದ ದಾರಿಯಲ್ಲೇ, ಹನಿಗಳು ಶಕ್ತಿಯನ್ನು ಹೀರುವುದರಿಂದ. ಅದಕ್ಕೆ ಯಾವ ಹೊದಿಕೆಯೂ ಮದ್ದಲ್ಲ. ಮಡಿಕೇರಿಯ ಮಂಜು ಎದುರಿನ ಬೆಟ್ಟವನ್ನೇ ಮರೆಮಾಡಿದರೂ ಈ ಫ್ರೀಕ್ವೆನ್ಸಿಗೆ ಅಷ್ಟಾಗಿ ಅಡ್ಡಿಯಲ್ಲ. ಹೊದಿಕೆಯ ಮೇಲೆ ಹರಡಿ ನಿಂತ ನೀರು ಮಾತ್ರ ದೊಡ್ಡ ಅಡ್ಡಿ. 0.1 ಮಿ.ಮೀ. ದಪ್ಪದ ನೀರಿನ ಪೊರೆ 10 ಗಿಗಾಹರ್ಟ್ಸ್‌ನಲ್ಲಿ ಹೆಚ್ಚುಕಡಿಮೆ ಅರ್ಧ ಶಕ್ತಿಯನ್ನು ತಿನ್ನುತ್ತದೆ. ಕಕ್ಕಡ ತಿಂಗಳ ಮಳೆಗೆ ಪಾಚಿ ಹಿಡಿದ ಹೊದಿಕೆ ಆ ಪೊರೆಯನ್ನು ಮಳೆ ನಿಂತ ಮೇಲೂ ಹಿಡಿದಿಟ್ಟುಕೊಳ್ಳುತ್ತದೆ. ಡಿಶ್ ಅನ್ನು ಉಪಗ್ರಹದ ಕಡೆಗೆ ಸರಿಯಾಗಿ ತಿರುಗಿಸಿ ಬಿಗಿ ಮಾಡಿಸಿ, ಕೇಬಲ್ ಜೋಡಣೆಗೆ ನೀರು ಇಳಿಯದಂತೆ ನೋಡಿಕೊಳ್ಳಿ. ಸಾಧ್ಯವಾದರೆ ಒಂದಿಷ್ಟು ದೊಡ್ಡ ಡಿಶ್. ನಿಮ್ಮ ವಿನ್ಯಾಸಕ್ಕೂ ಇದರಲ್ಲಿ ಒಂದು ವಿಷಯ ಇದೆ: ಸೀಳಿನ ಪದರವನ್ನು ಹೊರಮೈಯಲ್ಲಿ ಇಡಬೇಡಿ, ಗೋಡೆಯೊಳಗೆ ಹುದುಗಿಸಿ. ನೀರು ನೇರ ಸೀಳಿನ ಮೇಲೆ ಕೂತರೆ ನಷ್ಟದ ಜೊತೆಗೆ ಅನುರಣನವೇ ಕೆಳಗೆ ಜಾರಿಬಿಡುತ್ತದೆ. ಹೊರಮೈಗೆ ನೀರು ಪೊರೆಯಾಗದೆ ಹನಿಯಾಗಿ ಉರುಳುವಂಥ ಲೇಪ ಬಳಿಯಿರಿ.

ಈ ವಾರ ನೀವು ಮಾಡಬೇಕಾದದ್ದು ಇಷ್ಟು. ಈಗಿರುವ ಸೆಲ್ ಅನ್ನೇ 50, 60, 65, 70, 76 ಡಿಗ್ರಿಗೆ, ಹೆಚ್ಚಿನ ಫ್ಲೋಕೆ ಮೋಡ್‌ಗಳ ಜೊತೆ, ಟಿಇ ಟಿಎಂ ಬೇರೆಬೇರೆಯಾಗಿ ಓಡಿಸಿ. 61ರ ಆಚೆ ಏನಾಗುತ್ತದೆ ಎಂದು ಗೈಡ್ ಸರ್‌ಗೆ ತೋರಿಸಿ. ಆಮೇಲೆ ಚೌಕದ ಸೀಳಿನ 10 ಮಿ.ಮೀ. ಸೆಲ್ ಹಿಡಿದು ಅದೇ ಕೋಷ್ಟಕ ಮತ್ತೆ ತಯಾರಿಸಿ. ಕೋನ್‌ಗೆ ಕೈ ಹಾಕುವ ಮೊದಲು ಎರಡೂ ಕೋಷ್ಟಕ, ಫೇಸ್ ಸಮೇತ, ನನಗೆ ಕಳಿಸಿಕೊಡಿ.